ಚಿಗರಿ ಫೋಟೋ, ಕಾಕಾನ ಕಡಲೆ

ಪುಸ್ತಕದಲ್ಲಿ ಕೃಷ್ಣಮೃಗ. ನಮ್ಮ ಬೀದರ್ ಕಡೆ ಚಿಗರಿ. ಹೋದ ಚಳಿಗಾಲ ಒಂದು ಕಡಲೆ ಹೊಲದ ಬದುವಿನಲ್ಲಿ ಚಿಗರಿ ಹಿಂಡಿಗಾಗಿ ಕ್ಯಾಮೆರಾ ಹಿಡಿದು ಕೂತಿದ್ದೆ. ಹೊಲದ ಕಾಕಾ ಬಂದು ಪಕ್ಕದಲ್ಲೇ ಕೂತರು. "ತಮ್ಮಾ, ಫೋಟೋ ನಿನಗ, ಲುಕ್ಸಾನ ನನಗ. ಹೌದಲ್ಲೋ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ನಾಟಿತು.

ವನ್ಯಜೀವಿ ಫೋಟೋಗ್ರಫಿಯಲ್ಲೇ ಬದುಕಬೇಕು ಅನ್ನುವ ಹುಡುಗರು ಈಗ ನಮ್ಮಲ್ಲೂ ಇದ್ದಾರೆ. ಖುಷಿಯ ವಿಷಯ. ಆದರೆ ಎಲ್ಲರ ಕಣ್ಣೂ ಕಬಿನಿಯ ಹುಲಿ ಮೇಲೆ. ವನ್ಯಜೀವಿ ಚಿತ್ರ ತೆಗೆಯುವ ಜೋಡಿ ಕೃಪಾಕರ-ಸೇನಾನಿ ವರ್ಷಗಟ್ಟಲೆ ಬೆನ್ನುಬಿದ್ದದ್ದು ಕೆನ್ನಾಯಿಗೆ, ಅಂದರೆ ಕಾಡುನಾಯಿಗೆ. ಕೊಂದವರಿಗೆ ಒಂದು ಕಾಲಕ್ಕೆ ಸರ್ಕಾರವೇ ಇನಾಮು ಕೊಡುತ್ತಿದ್ದ ಪ್ರಾಣಿ ಅದು. ಗುಂಪೆಲ್ಲ ಸೇರಿ ಮರಿ ಸಾಕುತ್ತದೆ ಅನ್ನುವುದನ್ನು ಎಷ್ಟೋ ಜನ ನೋಡಿದ್ದು ಅವರ ಕ್ಯಾಮೆರಾದಿಂದ. ನಮ್ಮ ಚಿಗರಿಗೆ ಅಂಥವರು ಯಾರಿದ್ದಾರೆ?

ನಾನೂ ಮೊದಲು ಅವಸರದವನೇ. ಒಂದು ಏಪ್ರಿಲ್‌ನಲ್ಲಿ ಕಲಬುರಗಿ ಹೊರಗೆ ತೇನೆಹಕ್ಕಿಯ ಗೂಡು ಸಿಕ್ಕಿತು. ಗೂಡೇನು, ಬರೀ ನೆಲದ ಮೇಲೆ ನಾಲ್ಕು ಮೊಟ್ಟೆ. ಹತ್ತಿರದ ಫೋಟೋ ಬೇಕು ಅಂತ ಅರ್ಧ ಗಂಟೆ ಅಲ್ಲೇ ಕೂತೆ. ಹಕ್ಕಿ ತಲೆ ಮೇಲೆ ಕೂಗುತ್ತಾ ಸುತ್ತುತ್ತಿತ್ತು. ಆ ಬಿಸಿಲಲ್ಲಿ ಅದು ಕೂರುವುದು ಮೊಟ್ಟೆಗೆ ನೆರಳಾಗೋಕೆ. ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಮರಿ ಆದವೋ ಇಲ್ಲವೋ ನೋಡೋಕೆ ಮತ್ತೆ ಹೋಗುವ ಧೈರ್ಯ ಬರಲಿಲ್ಲ. ಆ ಫೋಟೋ ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಆಮೇಲೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ರೂಢಿಯಾಯಿತು. ಸುರಪುರದ ಹತ್ತಿರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹತ್ತು ವರ್ಷ ಅದೊಂದೇ ಕೆರೆಯ ಫೋಟೋ ತೆಗೆದವನ ಹತ್ತಿರ ಹಕ್ಕಿ ಯಾವಾಗ ಬಂದವು, ನೀರು ಎಲ್ಲಿಗೆ ಇಳಿದಿತ್ತು, ಎಲ್ಲ ತಾರೀಖಿನ ಸಮೇತ ಇರುತ್ತದೆ. ಕೆರೆ ಉಳಿಸಿ ಅಂತ ಕೇಳುವಾಗ ಅದು ಗಟ್ಟಿ ಸಾಕ್ಷಿ ಅಲ್ವಾ? ಇದರಿಂದಲೇ ಮನೆ ನಡೆಯೋದು ಕಷ್ಟ, ನಿಜ. ಹುಡುಗರಿಗೆ ನಾನು ಹೇಳೋದು, ಇನ್ನೊಂದು ಕೆಲಸ ಇಟ್ಟುಕೊಂಡೇ ಮಾಡಿ, ಆದರೆ ನಿಮ್ಮೂರಲ್ಲೇ ಮಾಡಿ.

ಈ ಸಲ ಕಡಲೆ ಹೂ ಬಿಡುವ ಹೊತ್ತಿಗೆ ಕಾಕಾನ ಹೊಲಕ್ಕೆ ಹೋಗುತ್ತೇನೆ. ಚಿಗರಿ ಮೇಯ್ದ ಸಾಲುಗಳ ಫೋಟೋ ತೆಗೆಯಬೇಕು. ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡುತ್ತೇನೆ, ಬೆಳೆ ಪರಿಹಾರದ ಅರ್ಜಿ ಜೊತೆ ಇರಲಿ.