14 ದಿನದ ಮೇಲೆ ಯಾರೂ ಇರುವಂತಿಲ್ಲ

ನಾನು ಬೆಳೆದದ್ದು ಗಂಗಾವತಿಯಲ್ಲಿ. ಮನೆಯ ಹಿತ್ತಲು ಮುಗಿಯುವಲ್ಲಿ ಒಂದು ದೊಡ್ಡ ಬಂಡೆ. ಬೇಸಿಗೆ ಬಂತೆಂದರೆ ಅಮ್ಮ ಅದರ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಬಂಡೆ ನೋಡೋಕೆ ಜನ ದುಡ್ಡು ಖರ್ಚು ಮಾಡಿ ದೂರದಿಂದ ಬರ್ತಾರೆ ಅಂತ ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಈಗ ಫೀನಿಕ್ಸ್‌ನಲ್ಲಿದ್ದೇನೆ, ಹನ್ನೊಂದು ವರ್ಷವಾಯಿತು. ಕಳೆದ ಮಾರ್ಚ್‌ನಲ್ಲಿ ಮಗಳಿಗೆ ರಜೆ ಸಿಕ್ಕಾಗ ಕ್ಯಾಂಪರ್‌ವ್ಯಾನ್ ಒಂದನ್ನು ಬಾಡಿಗೆಗೆ ಹಿಡಿದು ಐದು ದಿನ ಬಂಡೆ ನೋಡಲು ಹೋದೆವು. ದುಡ್ಡು ಖರ್ಚು ಮಾಡಿಯೇ! ಅರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯಲ್ಲಿರುವ ಮಾನ್ಯುಮೆಂಟ್ ವ್ಯಾಲಿ, ಅಲ್ಲಿಂದ ಉತ್ತರಕ್ಕೆ ಒಂದು ಗಂಟೆಯೊಳಗೆ ಸಿಗುವ ವ್ಯಾಲಿ ಆಫ್ ದ ಗಾಡ್ಸ್. ಎರಡರಲ್ಲೂ ಬಯಲಿನ ನಡುವೆ ಕೆಂಪು ಕಲ್ಲಿನ ಕಂಬ, ಗೋಡೆ, ಗೋಪುರ. ಎರಡೂ ನೋಡಲು ಅಕ್ಕತಂಗಿಯರ ಹಾಗೆ. ಆದರೆ ಅಲ್ಲಿನ ರೀತಿ ರಿವಾಜು ಒಂದಕ್ಕೊಂದು ಸಂಬಂಧವಿಲ್ಲ. ನನಗೆ ಹೇಳಬೇಕಾಗಿರುವುದು ಅದನ್ನೇ.

ಮೊದಲು ವ್ಯಾನಿನ ವಿಷಯ. ನಾವೂ ಮಾಡಬೇಕು ಅಂದುಕೊಂಡಿರುವವರಿಗೆ ಒಂದು ಮಾತು: ಬಾಡಿಗೆ ಕರಾರಿನಲ್ಲಿ ಮೊದಲು ನೋಡಬೇಕಾದದ್ದು ಮಣ್ಣು ರಸ್ತೆಗೆ ಇಳಿಸಲು ಬಿಡುತ್ತಾರಾ ಇಲ್ಲವಾ ಅನ್ನೋದು. ಎಷ್ಟೋ ಕಡೆ ಬಿಡುವುದಿಲ್ಲ. ನಾವು ಮೂರನೇ ಕಡೆ ವಿಚಾರಿಸಿದಾಗ ಜಲ್ಲಿ ರಸ್ತೆಗೆ ಒಪ್ಪುವ ಮಾಲೀಕರು ಸಿಕ್ಕರು. ಒಳಗೆ ಒಂದು ಹಾಸಿಗೆ, ಎರಡು ಒಲೆ, ಚಿಕ್ಕ ಫ್ರಿಜ್, 75 ಲೀಟರ್ ನೀರಿನ ಟ್ಯಾಂಕ್. ಶೌಚಾಲಯ ಇಲ್ಲ. ನಲ್ಲಿ ತಿರುಗಿಸಿದರೆ ಪಂಪು ಗುರ್ ಅನ್ನುತ್ತದೆ. ಆ ಸದ್ದು ಕೇಳಿದರೆ ಸಾಕು, ಮೂರು ಜನರಲ್ಲಿ ಯಾರಾದರೂ ಒಬ್ಬರು ‘ಸಾಕು, ನಿಲ್ಸು’ ಅಂತ ಕೂಗುತ್ತಿದ್ದೆವು. ಮೊದಲ ಸಂಜೆ ಮಂಡಕ್ಕಿಗೆ ಒಗ್ಗರಣೆ ಹಾಕಿದ್ದೇ ತಡ, ಹೊಗೆಯ ಅಲಾರಂ ಹೊಡೆದುಕೊಳ್ಳಲು ಶುರುವಾಯಿತು. ಹೆಂಡತಿ ಟವೆಲ್ ಬೀಸಿ ಬೀಸಿ ಸುಸ್ತಾದಳು. ಇನ್ನೊಂದು, ಕುಕ್ಕರ್ ಮರೆಯಬೇಡಿ. ಆ ಜಾಗ ಸಮುದ್ರಮಟ್ಟದಿಂದ 5,000 ಅಡಿ ಮೇಲಿದೆ. ನೀರು 95 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಖಾಲಿ.

ವ್ಯಾಲಿ ಆಫ್ ದ ಗಾಡ್ಸ್ ಕೇಂದ್ರ ಸರ್ಕಾರದ ಭೂಮಿ. 17 ಮೈಲಿಯ ಜಲ್ಲಿ ರಸ್ತೆ, ಗೇಟಿಲ್ಲ, ಟಿಕೆಟ್ಟಿಲ್ಲ, ಕಾವಲಿಲ್ಲ. ಈ ಮೊದಲೇ ಯಾರೋ ಗಾಡಿ ನಿಲ್ಲಿಸಿದ ಜಾಗ ನೋಡಿ ನಿಲ್ಲಿಸಿಕೊಳ್ಳಬಹುದು, ಪುಕ್ಕಟೆ. ನೀರಿಲ್ಲ, ಶೌಚಾಲಯವಿಲ್ಲ, ಕಸದ ತೊಟ್ಟಿಯೂ ಇಲ್ಲ. ಇಲ್ಲಿನ ಇಂಥ ಸರ್ಕಾರಿ ಜಮೀನಿಗೆ ಇರುವ ದೊಡ್ಡ ನಿಯಮ ಒಂದೇ: 14 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ನಾವು ಎರಡು ರಾತ್ರಿ ಇದ್ದೆವು. ರಾತ್ರಿ ಗಾಳಿ ವ್ಯಾನನ್ನು ತೊಟ್ಟಿಲು ತೂಗಿದ ಹಾಗೆ ತೂಗುತ್ತಿತ್ತು. ಬೆಳಗಿನ ಜಾವ ಗಾಳಿ ನಿಂತಾಗ ಕಿವಿಯಲ್ಲಿ ನಮ್ಮದೇ ರಕ್ತ ಓಡುವ ಸದ್ದು ಕೇಳುವಷ್ಟು ನಿಶ್ಶಬ್ದ. ಇಂಥದ್ದನ್ನು ನಾನು ಊರಲ್ಲಿ ಎಂದೂ ಕೇಳಿಲ್ಲ. ನಮ್ಮಲ್ಲಿ ಬಂಡೆ ಅಂದಮೇಲೆ ಹತ್ತಿರದಲ್ಲೇ ಎಲ್ಲೋ ಒಂದು ಕುರಿ, ಒಂದು ಗುಡಿಯ ಮೈಕು ಇದ್ದೇ ಇರುತ್ತದೆ.

ಶೌಚಾಲಯವಿಲ್ಲ ಅಂದೆನಲ್ಲ. ಅದಕ್ಕೆ ಇಲ್ಲಿ ‘ವ್ಯಾಗ್ ಬ್ಯಾಗ್’ ಅಂತ ಸಿಗುತ್ತದೆ. ದಪ್ಪ ಚೀಲ, ಒಳಗೊಂದಿಷ್ಟು ಪುಡಿ. ಕೆಲಸ ಮುಗಿದ ಮೇಲೆ ಆ ಪುಡಿ ಎಲ್ಲವನ್ನೂ ಜೆಲ್ಲಿ ಮಾಡಿ ವಾಸನೆ ತಡೆಯುತ್ತದೆ. ಗಂಟು ಕಟ್ಟಿ ಇನ್ನೊಂದು ಚೀಲದಲ್ಲಿ ಹಾಕಿ ಊರಿಗೆ ತಂದು ಕಸದ ತೊಟ್ಟಿಗೆ ಹಾಕಬೇಕು. ಮರುಭೂಮಿಯ ಮಣ್ಣಿನಲ್ಲಿ ಹೂತದ್ದು ಬೇಗ ಕೊಳೆಯುವುದಿಲ್ಲ, ಹಾಗಾಗಿ ಹೂಳುವುದೂ ತಪ್ಪು. ಮೊದಲ ದಿನ ಅಸಹ್ಯವಾಯಿತು. ಎರಡನೇ ದಿನ ರೂಢಿಯಾಯಿತು. ಮೂರನೇ ದಿನ, ಚಿಕ್ಕಂದಿನಲ್ಲಿ ನಮ್ಮ ಬಂಡೆಗಳ ಸಂದಿಯಲ್ಲಿ ಕಾಲಿಡುವ ಮುಂಚೆ ನೋಡಿಕೊಂಡು ಇಡಬೇಕಿದ್ದದ್ದು ನೆನಪಾಗಿ ನಾಚಿಕೆಯಾಯಿತು.

ಆದರೆ ಅಲ್ಲೇ ಇನ್ನೊಂದು ನಡೆಯಿತು. ಮಗಳ ಒದ್ದೆ ಟವೆಲನ್ನು ಹೆಂಡತಿ ಪಕ್ಕದ ಕಲ್ಲಿನ ಮೇಲೆ ಹರಡಿದ್ದಳು. ಸ್ವಲ್ಪ ದೂರದಲ್ಲಿ ವ್ಯಾನ್ ನಿಲ್ಲಿಸಿಕೊಂಡಿದ್ದ ವಯಸ್ಸಾದ ದಂಪತಿ ನಡೆದು ಬಂದು, ನಗುನಗುತ್ತಲೇ, ‘ಅದನ್ನು ಒಳಗೆ ಒಣಗಿಸಿಕೊಂಡರೆ ಒಳ್ಳೆಯದು, ಇಲ್ಲಿಗೆ ಎಲ್ಲರೂ ಕಲ್ಲು ಮಾತ್ರ ನೋಡಲು ಬರುತ್ತಾರೆ’ ಅಂದರು. ಜಗಳವೇನಲ್ಲ. ಕಾಫಿ ಕೊಟ್ಟೆವು, ಕುಡಿದು ಹೋದರು. ಟವೆಲ್ ವ್ಯಾನಿನೊಳಗೆ ಎರಡು ದಿನ ಒದ್ದೆಯಾಗೇ ಇತ್ತು.

ನನಗೆ ಆ ಮಾತು ಕೊರೆಯುತ್ತಾ ಉಳಿಯಿತು. ಕಲ್ಲು ಮಾತ್ರ! ಅಲ್ಲಿನ ಬಂಡೆಗಳಿಗೆ ಹೆಸರಿದೆ. ಒಂದು ‘ಟಬ್ಬಿನಲ್ಲಿ ಕೂತ ಹೆಂಗಸು’, ಇನ್ನೊಂದು ‘ಏಳು ನಾವಿಕರು’, ಮತ್ತೊಂದು ‘ಕಾವಿಗೆ ಕೂತ ಕೋಳಿ’. ತಮಾಷೆಯಾಗೇ ಇವೆ. ಆದರೆ ಹಾದುಹೋಗುವವನು ಕಿಟಕಿಯಿಂದ ನೋಡಿ ಇಟ್ಟ ಹೆಸರಿನ ಹಾಗಿವೆ. ಹಂಪಿಯ ದಾರಿಯಲ್ಲಿ ಅಕ್ಕತಂಗಿಯರ ಗುಡ್ಡ ಇದೆಯಲ್ಲ, ಒಂದಕ್ಕೊಂದು ಒರಗಿ ನಿಂತ ಎರಡು ಬಂಡೆ, ಅವರು ಊರನ್ನು ಹೀಯಾಳಿಸಿ ಕಲ್ಲಾದವರು ಅಂತ ಕತೆ. ಊರನ್ನು ಬೈದರೆ ಕಲ್ಲಾಗ್ತೀಯ ಅಂತ ಹೇಳೋಕೆ ಅಲ್ಲಿ ಒಂದು ಊರು ಇರಬೇಕಲ್ವಾ?

ವ್ಯಾಲಿ ಆಫ್ ದ ಗಾಡ್ಸ್ ಸೀಮೆಯಲ್ಲೂ ಊರುಗಳಿದ್ದವು. ಅಲ್ಲಿನ ಕಣಿವೆಗಳಲ್ಲಿ, ಬಂಡೆಯ ಚಾಚಿನ ಅಡಿಯಲ್ಲಿ, ಕಲ್ಲು ಮಣ್ಣಿನಿಂದ ಕಟ್ಟಿದ ಮನೆಗಳು, ಮೆಕ್ಕೆಜೋಳದ ಕಣಜಗಳು ಇವತ್ತಿಗೂ ನಿಂತಿವೆ. ಕಟ್ಟಿದವರು ಇಂದಿನ ಹೋಪಿ, ಜೂನಿ ಮುಂತಾದ ಪ್ಯೂಬ್ಲೊ ಜನರ ಪೂರ್ವಿಕರು. 1300ರ ಹೊತ್ತಿಗೆ ಅವರು ಇಲ್ಲಿಂದ ದಕ್ಷಿಣಕ್ಕೆ ಹೋದರು. ಆಮೇಲಿನ ನವಾಹೊ ಜನರದು ಬೇರೆ ಕತೆ. 1864ರಲ್ಲಿ ಅಮೆರಿಕದ ಸೈನ್ಯ ಅವರಲ್ಲಿ ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿ ನ್ಯೂ ಮೆಕ್ಸಿಕೋದ ಬಯಲಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ನಂತರ ವಾಪಸ್ ಬಿಟ್ಟಿತು. ಹಾಗಾಗಿ ನಮಗೆ ಪುಕ್ಕಟೆ ಸಿಕ್ಕ ಆ ನಿಶ್ಶಬ್ದ ದೇವರು ಕೊಟ್ಟದ್ದೇನಲ್ಲ. 2016ರಲ್ಲಿ ಈ ಇಡೀ ಪ್ರದೇಶವನ್ನು ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದ್ದು ಐದು ಬುಡಕಟ್ಟುಗಳು ಸೇರಿ ಕೇಳಿದ್ದಕ್ಕೆ. ಮರುವರ್ಷವೇ ಅದನ್ನು ಕತ್ತರಿಸಿ ಚಿಕ್ಕದು ಮಾಡಿದರು, 2021ರಲ್ಲಿ ಮತ್ತೆ ದೊಡ್ಡದು ಮಾಡಿದರು. ಹಕ್ಕು ಕೇಳುವವರು ಇನ್ನೂ ಇದ್ದಾರೆ. ಅಲ್ಲಿ ಮಲಗುವವರು ಮಾತ್ರ ನಮ್ಮಂಥ 14 ದಿನದವರು.

ಮಾನ್ಯುಮೆಂಟ್ ವ್ಯಾಲಿಗೆ ಬರುವಾಗ ಇದೆಲ್ಲ ತಿರುವುಮುರುವು. ಅದು ನವಾಹೊ ನೇಷನ್ ಒಳಗಿದೆ, ಅಂದರೆ ನವಾಹೊ ಜನರೇ ಆಡಳಿತ ನಡೆಸುವ ಸೀಮೆ, ಅವರೇ 1958ರಲ್ಲಿ ಮಾಡಿಕೊಂಡ ಪಾರ್ಕು. ಫೀನಿಕ್ಸ್‌ನಿಂದ ಹೋಗುವಾಗ ಅವರ ಗಡಿ ದಾಟಿದ್ದು ನಮಗೆ ಗೊತ್ತಾದದ್ದು ಗಡಿಯಾರದಿಂದ. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ, ನವಾಹೊ ನೇಷನ್ ಇಡುತ್ತದೆ. ಫೋನು ತಾನಾಗೇ ಒಂದು ಗಂಟೆ ಮುಂದೆ ಹೋಯಿತು. ವ್ಯಾನಿನ ರೇಡಿಯೋದಲ್ಲಿ ಕೆಟಿಎನ್‌ಎನ್ ಸಿಕ್ಕಿತು, ನವಾಹೊ ಭಾಷೆಯಲ್ಲಿ ಮಾತು. ನಡುನಡುವೆ ಒಂದೊಂದು ಇಂಗ್ಲಿಷ್ ಪದ ಇಣುಕಿ ಹೋಗುತ್ತಿತ್ತು. ಬಳ್ಳಾರಿ ಕಡೆ ಬಸ್ಸಿನಲ್ಲಿ ಕೂತು ಪಕ್ಕದವರ ತೆಲುಗು ಕೇಳಿಸಿಕೊಂಡ ಹಾಗೆ, ಅರ್ಥವಾಗದಿದ್ದರೂ ಹಿತವಾಯಿತು. ಒಂದು ಭಾಷೆಯನ್ನು ಅದರ ನೆಲದ ಮೇಲೇ ಕೇಳುವುದು ಹೊರನಾಡಿನವರಿಗೆ ಅಪರೂಪ.

ಇಲ್ಲಿ ನಿಯಮ ಜಾಸ್ತಿ. ಮದ್ಯ ಇಲ್ಲ. ಡ್ರೋನ್ ಇಲ್ಲ. ಬಂಡೆ ಹತ್ತುವಂತಿಲ್ಲ. ಒಳಗಿನ 17 ಮೈಲಿ ಮಣ್ಣು ರಸ್ತೆಗೆ ನಮ್ಮ ವ್ಯಾನಿನಂಥ ಆರ್‌ವಿಗಳನ್ನು ಬಿಡುವುದಿಲ್ಲ. ವ್ಯಾನನ್ನು ಮೇಲ್ಗಡೆಯೇ ನಿಲ್ಲಿಸಿ, ದುಡ್ಡು ಕೊಟ್ಟು, ಅವರ ತೆರೆದ ಟ್ರಕ್ಕಿನಲ್ಲಿ ಅವರ ಜೊತೆ ಹೋಗಬೇಕು. ಮೊದಲು ನನಗೆ ಸಿಟ್ಟೇ ಬಂತು, ಇಷ್ಟು ಬಾಡಿಗೆ ಕೊಟ್ಟು ತಂದ ವ್ಯಾನು ಇದ್ದೂ ಇನ್ನೊಂದು ಗಾಡಿಗೆ ಯಾಕೆ ಕೊಡಬೇಕು ಅಂತ. ಟ್ರಕ್ಕು ಓಡಿಸಿದವರು ನಮ್ಮ ದೊಡ್ಡಮ್ಮನ ವಯಸ್ಸಿನ ಹೆಂಗಸು. ಕೈಗವಸಿನ ಆಕಾರದ ಎರಡು ದೊಡ್ಡ ಬಂಡೆ ತೋರಿಸಿ ಎರಡು ನಿಮಿಷ ಮಾತಾಡಿದರು. ಆಮೇಲೆ ಒಂದು ಮಣ್ಣಿನ ಗುಂಡು ಮನೆ ತೋರಿಸಿ ಹತ್ತು ನಿಮಿಷ. ಅದು ಅವರ ಅಜ್ಜಿಯದು, ಬಾಗಿಲು ಪೂರ್ವಕ್ಕೆ. ಕಲ್ಲಿಗೆ ಅವರ ಭಾಷೆಯಲ್ಲಿ ‘ಟ್ಸೇ’ ಅನ್ನುತ್ತಾರಂತೆ. ಇಲ್ಲಿನ ಎಷ್ಟೋ ಜಾಗದ ಹೆಸರು ಆ ಟ್ಸೇಯಿಂದಲೇ ಶುರು. ಈ ಕಂಬಗಳ ಕಲ್ಲಿಗೆ ಭೂಗರ್ಭದವರು ‘ಡಿ ಶೇ’ ಮರಳುಗಲ್ಲು ಅನ್ನುತ್ತಾರಲ್ಲ, ಆ ‘ಶೇ’ ಕೂಡ ಕಲ್ಲಿನ ಒಳಗೆ ಅನ್ನುವ ಅವರ ಪದವೇ ಸ್ಪ್ಯಾನಿಷ್ ಬಾಯಲ್ಲಿ ತಿರುಚಿಕೊಂಡದ್ದು. ಅದರ ಅಡಿಯ ಪದರ ಮೆದು. ಅದು ಸವೆದ ಹಾಗೆಲ್ಲ ಮೇಲಿನ ಮರಳುಗಲ್ಲು ನೆಟ್ಟಗೆ ಚಪ್ಪಡಿ ಚಪ್ಪಡಿಯಾಗಿ ಕಳಚಿ ಬೀಳುತ್ತದೆ, ಅದಕ್ಕೇ ಗೋಡೆಗಳು ಚಾಕುವಿನಲ್ಲಿ ಕೊಯ್ದ ಹಾಗೆ. ನಮ್ಮ ಹಂಪಿಯ ಗ್ರಾನೈಟು ಬಿರುಕಿನ ಗುಂಟ ಸವೆದು ಗುಂಡಾಗುತ್ತದೆ. ವಯಸ್ಸಿನಲ್ಲಂತೂ ನಮ್ಮದು ಮುತ್ತಜ್ಜ. ಇದು ಸುಮಾರು 27 ಕೋಟಿ ವರ್ಷದ್ದು, ನಮ್ಮದು 250 ಕೋಟಿ ದಾಟಿದ್ದು.

ನಾನು ಸಂಡಿಗೆಯ ಬಂಡೆಯ ಕತೆ ಹೇಳಿದೆ. ಆಕೆ ಗಾಡಿ ನಿಲ್ಲಿಸಿ ನಕ್ಕರು. ಅಜ್ಜಿ ಮೆಕ್ಕೆಜೋಳದ ತೆನೆ ಒಣಹಾಕುತ್ತಿದ್ದ ಚಪ್ಪಟೆ ಬಂಡೆ ಆ ಮನೆಯ ಹಿಂದೆಯೇ ಇತ್ತು. ಹೆಂಡತಿ ನನ್ನ ಮುಖ ನೋಡಿದಳು. ಟವೆಲ್ಲಿನ ವಿಷಯ ಇಬ್ಬರಿಗೂ ನೆನಪಾಗಿತ್ತು.

ಇದನ್ನು ಸುಮ್ನೆ ಸವಿನೆನಪಾಗಿ ಬರೆದು ಮುಗಿಸಬಹುದಿತ್ತು, ನೀರಿನ ಘಟನೆ ನಡೆಯದಿದ್ದರೆ. ವಾಪಸ್ ಬರುವಾಗ ಟ್ಯಾಂಕು ಖಾಲಿ. ಕಾಯೆಂಟಾ ಅನ್ನುವ ನವಾಹೊ ಊರಿನ ಹತ್ತಿರ ದುಡ್ಡು ಹಾಕಿ ನೀರು ಹಿಡಿಯುವ ಜಾಗದಲ್ಲಿ ಸಾಲಿನಲ್ಲಿ ನಿಂತೆ. ಮುಂದೆ ಐದು ಪಿಕಪ್ ಟ್ರಕ್ಕು, ಪ್ರತಿಯೊಂದರ ಬೆನ್ನ ಮೇಲೂ ದೊಡ್ಡ ಪ್ಲಾಸ್ಟಿಕ್ ಟ್ಯಾಂಕು. ಅಷ್ಟು ಹೊತ್ತು ನಾನು ಮಗಳಿಗೆ, ನೋಡು, ಐದು ದಿನ ಎಷ್ಟು ಕಮ್ಮಿ ನೀರಲ್ಲಿ ಬದುಕಿದೆವು ಅಂತ ಪಾಠ ಹೇಳುತ್ತಿದ್ದೆ. ಮುಂದಿನವರು ಎಲ್ಲಿಂದ ಬಂದಿರಿ ಅಂತ ಕೇಳಿದಾಗ ಅದನ್ನೇ ಸ್ವಲ್ಪ ಹೆಮ್ಮೆಯಿಂದ ಹೇಳಿದೆ. ಆತ ನಮ್ಮದು ವಾರಕ್ಕೆ ಎರಡು ಸಲ ಅಂದ. ಅಷ್ಟೇ. ನವಾಹೊ ನೇಷನ್‌ನಲ್ಲಿ ಸುಮಾರು ಮೂರರಲ್ಲಿ ಒಂದು ಮನೆಗೆ ನಲ್ಲಿ ನೀರಿಲ್ಲ. ಕೆಲವು ಕಡೆ ಬಾವಿ ನೀರು ಕುಡಿಯುವಂತೆಯೂ ಇಲ್ಲ. ಹಿಂದೆ ಯುರೇನಿಯಂ ತೋಡಿ ಹಾಗೇ ಬಿಟ್ಟುಹೋದ ಗಣಿಗಳು ಅವರ ನೆಲದಲ್ಲಿ 500ಕ್ಕೂ ಹೆಚ್ಚಿವೆ. ವ್ಯಾಲಿ ಆಫ್ ದ ಗಾಡ್ಸ್ ಪಕ್ಕದಲ್ಲಿ ಎಲ್ಲರೂ ಫೋಟೋ ತೆಗೆಯುವ ಮೋಕಿ ಡಗ್‌ವೇ ಅನ್ನುವ ತಿರುವು ರಸ್ತೆ ಇದೆಯಲ್ಲ, ಅದನ್ನು 1950ರ ದಶಕದಲ್ಲಿ ಕಡಿದದ್ದೇ ಯುರೇನಿಯಂ ಅದಿರಿನ ಲಾರಿಗಾಗಿ. ನೀರು ಒದಗಿಸಿಕೊಡುವ ಬಾಧ್ಯತೆ ಕೇಂದ್ರ ಸರ್ಕಾರಕ್ಕಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು 2023ರಲ್ಲಿ 5–4ರ ತೀರ್ಪು ಕೊಟ್ಟಿತು. ನಾನು 75 ಲೀಟರ್ ತುಂಬಿಸಿಕೊಂಡು ಸುಮ್ಮನೆ ಹೊರಟೆ.

ಈಗ ನಮ್ಮ ಕಡೆ. ಹಂಪಿಯಲ್ಲಿ 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. 2020ರಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಕೋರ್ಟಿನ ತೀರ್ಪಿನ ಮೇಲೆ ನೆಲಸಮವಾದವು. ಗಡ್ಡೆಯಲ್ಲಿ ನಡೆಯುತ್ತಿದ್ದದ್ದೆಲ್ಲ ಸರಿ ಇತ್ತು ಅಂತ ನಾನು ಹೇಳುವುದಿಲ್ಲ. ಐನೂರು ವರ್ಷದ ಕಂಬಕ್ಕೆ ಸಿಮೆಂಟು ಮೆತ್ತಿ ಷಟರ್ ಕೂಡಿಸಿದ್ದನ್ನು ಕಣ್ಣಾರೆ ಕಂಡವನು ನಾನು. ಆದರೆ ಆ ಮಂಟಪಗಳಲ್ಲೇ ಬೆಳಿಗ್ಗೆ ಇಡ್ಲಿ ತಿಂದವನೂ ನಾನೇ. ಕಳೆದ ಸಲ ಹೋದಾಗ ಅದೇ ಜಾಗ ಗುಡಿಸಿ ಒರೆಸಿದ ಹಾಗಿತ್ತು, ಗೈಡು ಫಲಕದ ಮೇಲಿನದ್ದನ್ನೇ ಓದಿ ಹೇಳಿದ. ಅಮೆರಿಕ ನೋಡಿ ಬಂದ ನಮ್ಮವರು ಆಹಾ ಎಷ್ಟು ಶಿಸ್ತು, ಎಷ್ಟು ಖಾಲಿ ಅಂತ ಹೊಗಳಿ, ಹಂಪಿಯೂ ಹಾಗಾಗಬೇಕು ಅನ್ನುವುದನ್ನು ನಮ್ಮ ಕನ್ನಡ ಸಂಘದ ಊಟದ ಸಾಲಿನಲ್ಲೇ ಎಷ್ಟೋ ಸಲ ಕೇಳಿದ್ದೇನೆ. ನಾನೂ ಹೇಳಿದ್ದೆ, ಸುಳ್ಳು ಯಾಕೆ. ಈಗ ಕರ್ನಾಟಕದಲ್ಲೂ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಸಿಗುತ್ತದೆ. ಆನೆಗೊಂದಿಯ ಗದ್ದೆ ಬದಿಗೆ ಅವು ಬಂದು ನಿಲ್ಲುವ ದಿನ ದೂರವಿಲ್ಲ. ನಿಲ್ಲಲಿ. ಆದರೆ ವ್ಯಾನು ಊರ ಹೊರಗೆ ನಿಲ್ಲಲಿ, ಬಂಡೆಗಳ ಒಳಗೆ ಕರೆದುಕೊಂಡು ಹೋಗುವ ಗಾಡಿ, ಊಟ, ಮಾತು ಆನೆಗೊಂದಿಯವರದೇ ಆಗಿರಲಿ, ನವಾಹೊಗಳು ಮಾಡಿಕೊಂಡ ಹಾಗೆ. ಖಾಲಿ ಮಾಡುವ ಬುದ್ಧಿಯನ್ನು ಇಲ್ಲೇ ಬಿಟ್ಟು ಆ ವ್ಯಾಗ್ ಬ್ಯಾಗನ್ನು ಮಾತ್ರ ತಗೊಂಡು ಹೋಗೋಣ ಅಂತ ನನ್ನ ಅನಿಸಿಕೆ.

ಜನವರಿಯಲ್ಲಿ ಊರಿಗೆ ಹೋಗುತ್ತಿದ್ದೇವೆ. ಅಂಜನಾದ್ರಿ ಹತ್ತುವ ಯೋಚನೆ ಇದೆ. ಮಿಕ್ಕಿದ್ದ ಒಂದು ಡಜನ್ ವ್ಯಾಗ್ ಬ್ಯಾಗನ್ನು ತರುತ್ತೇನೆ, ಗ್ರಾಮ ಪಂಚಾಯಿತಿಯವರಿಗೆ ತೋರಿಸೋಣ ಅಂತ ಅಕ್ಕನಿಗೆ ಫೋನಿನಲ್ಲಿ ವಿವರವಾಗಿ ಹೇಳಿದೆ, ಪುಡಿ, ಜೆಲ್ಲಿ, ಗಂಟು ಎಲ್ಲ. ಆಕೆ ಪೂರ್ತಿ ಕೇಳಿಸಿಕೊಂಡಳು.

‘ತಗೊಂಡು ಬಾ,’ ಅಂದಳು. ‘ಆದ್ರ ಮನಿಯೊಳಗ ತರಬ್ಯಾಡ. ಹೊರಗ ಬಂಡೆ ಮ್ಯಾಲ ಇಡು.’