ದುಡ್ಡು ಕೊಟ್ಟು ಹೆದರಿಕೊಂಡ ರಾತ್ರಿ

ಹೋದ ಅಕ್ಟೋಬರ್‌ನಲ್ಲಿ ಮಗಳ ಕಾಟ ತಡೆಯಲಾರದೆ ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷರಿಗೆ ಹೋಗಿದ್ದೆ. ಅದು ಹಳೇ ಜೈಲು. ದೆವ್ವದ ವೇಷ ಹಾಕುವ ಹ್ಯಾಲೋವೀನ್ ಹಬ್ಬ ಹತ್ತಿರ ಬಂದಾಗ ರಾತ್ರಿ ಹೊತ್ತು ಅಲ್ಲಿ ದೆವ್ವದ ಮನೆಗಳನ್ನು ಕಟ್ಟಿ ಜನರನ್ನು ಹೆದರಿಸುತ್ತಾರೆ. ಹೆಂಡತಿ ಮಾತ್ರ, "ಹೆದರಿಕೊಳ್ಳೋಕೆ ನನಗೆ ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ಲೇ ಸಾಕು" ಅಂತ ಮನೆಯಲ್ಲೇ ಉಳಿದಳು.

ಕ್ಯೂನಲ್ಲಿ ನಿಂತಾಗ ಮಗಳು ಕತ್ತಲಲ್ಲಿ ಹೊಳೆಯುವ ಒಂದು ಹಾರ ಹಾಕಿಕೊಂಡಳು. ಅದನ್ನು ಹಾಕಿಕೊಂಡವರನ್ನು ಒಳಗಿನ ನಟರು ಮುಟ್ಟಬಹುದು, ಜೊತೆಯವರಿಂದ ಬೇರೆ ಮಾಡಿ ಎಳೆದುಕೊಂಡೂ ಹೋಗಬಹುದು. ಹಾಕಿಕೊಳ್ಳದವರನ್ನು ಮುಟ್ಟುವ ಹಾಗಿಲ್ಲ. ನಾನು ಹಾಕಿಕೊಳ್ಳಲಿಲ್ಲ. ಸೊಂಟ ನೋವು ಅಂತ ನೆಪ ಹೇಳಿದೆ.

ಒಳಗೆ ಏನಿತ್ತು ಅಂತ ಪೂರ್ತಿ ಹೇಳೋಕೆ ಬರಲ್ಲ, ಅರ್ಧ ಹೊತ್ತು ಕಣ್ಣು ಮುಚ್ಚಿದ್ದೆ. ಹೊಗೆ, ಕಣ್ಣಿಗೆ ಚುಚ್ಚುವ ಮಿಣುಕು ದೀಪ, ಗೋಡೆಯಿಂದ ಫಕ್ಕನೆ ತೆರೆಯುವ ಕಿಂಡಿ, ಕಾಲಬುಡದಲ್ಲಿ ಬುಸ್ ಅನ್ನುವ ಗಾಳಿ. ಇವೆಲ್ಲ ಯಂತ್ರದ ಕೆಲಸ, ಎರಡನೇ ಸಲಕ್ಕೆ ಹಳತಾಗುತ್ತವೆ. ನನ್ನನ್ನು ಅಲ್ಲಾಡಿಸಿದ್ದು ಬೇರೆ. ಕತ್ತಲ ಓಣಿಯೊಂದರಲ್ಲಿ ಯಾರೋ ಮಗಳ ಹೆಸರು ಹಿಡಿದು ಕರೆದರು. ನಿಧಾನವಾಗಿ, ಒಂದೇ ಸಲ.

ನಮ್ಮ ಮಲೆನಾಡಿನ ಮನೆಯಲ್ಲಿ ಅಜ್ಜಿ ಹೇಳಿಕೊಟ್ಟಿದ್ದ ಮೊದಲ ಕಾನೂನೇ ಅದು: ರಾತ್ರಿ ಯಾರಾದರೂ ಒಂದೇ ಸಲ ಕರೆದರೆ ಓಗೊಡಬೇಡ. ಮನುಷ್ಯರಾದರೆ ಮೂರು ಸಲ ಕರೀತಾರೆ. ದೆವ್ವಕ್ಕೆ ಒಂದಕ್ಕಿಂತ ಹೆಚ್ಚು ಸಲ ಕರೆಯೋಕೆ ಬರಲ್ಲ. 47 ವರ್ಷದ, ಗೃಹಸಾಲ ಇರುವ, ನ್ಯೂಜೆರ್ಸಿಯಲ್ಲಿ ತೆರಿಗೆ ಕಟ್ಟುವ ನಾನು ಆ ಕತ್ತಲಲ್ಲಿ ಮಗಳ ಬಾಯಿ ಮುಚ್ಚಿ ಹಿಡಿದಿದ್ದೆ. ಆಮೇಲೆ ಗೊತ್ತಾಯಿತು, ಇದು ಈ ಕಸುಬಿನ ಹಳೇ ಉಪಾಯವಂತೆ. ಕ್ಯೂ ಹತ್ತಿರ ಸುಳಿದಾಡುವ ನಟರು ನಾವು ಒಬ್ಬರನ್ನೊಬ್ಬರು ಕರೆಯುವುದನ್ನು ಕದ್ದು ಕೇಳಿ ಒಳಗಿನವರಿಗೆ ಮುಟ್ಟಿಸುತ್ತಾರೆ. ಹೆಸರಿನ ಳಕಾರ ಲಕಾರವಾಗಿದ್ದಾಗಲೇ ನನಗೆ ಹೊಳೆಯಬೇಕಿತ್ತು. ಈ ದೇಶದ ದೆವ್ವಕ್ಕೂ ನಮ್ಮ ಹೆಸರು ಸರಿಯಾಗಿ ಹೇಳೋಕೆ ಬರಲ್ಲ.

ಮುಂದಿನ ತಿರುವಿನಲ್ಲಿ ಅವಳನ್ನು ನಿಜಕ್ಕೂ ಎಳೆದುಕೊಂಡು ಹೋದರು. ಒಂದು ನಿಮಿಷ ಇರಬಹುದು. ಆ ಒಂದು ನಿಮಿಷ ಮುಖವಾಡ, ರಕ್ತ, ಹಲ್ಲು ಯಾವುದೂ ನನಗೆ ಲೆಕ್ಕಕ್ಕೇ ಬರಲಿಲ್ಲ. ಕೈಯಲ್ಲಿ ಇನ್ನೊಂದು ಕೈ ಇಲ್ಲ ಅನ್ನುವುದೊಂದೇ ಗೊತ್ತಾಗುತ್ತಿತ್ತು. ಅವಳು ನಗುತ್ತಾ ಇನ್ನೊಂದು ಬಾಗಿಲಿಂದ ಬಂದಳು. ನನಗೆ ನಗು ಬರೋಕೆ ಸ್ವಲ್ಪ ಹೊತ್ತು ಹಿಡಿಯಿತು.

ಡೆನ್ಮಾರ್ಕ್‌ನಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ವೇಯ್ಲೆ ಊರಿನ ದೆವ್ವದ ಮನೆಯೊಂದರಲ್ಲಿ 110 ಜನಕ್ಕೆ ಹೃದಯಬಡಿತ ಅಳೆಯುವ ಯಂತ್ರ ಕಟ್ಟಿ ಒಳಗೆ ಬಿಟ್ಟರು. 2020ರಲ್ಲಿ ಫಲಿತಾಂಶ ಬಂತು: ತೀರಾ ಕಡಿಮೆ ಹೆದರಿದವರಿಗೂ ಮಜಾ ಇಲ್ಲ, ತೀರಾ ಹೆಚ್ಚು ಹೆದರಿದವರಿಗೂ ಇಲ್ಲ, ನಡುವೆ ಎಲ್ಲೋ ಹದವಾದ ಒಂದು ಜಾಗವಿದೆ. ಅಜ್ಜಿಗೆ ಯಂತ್ರ ಬೇಕಿರಲಿಲ್ಲ. ಕೊಳ್ಳಿದೆವ್ವದ ಕಥೆ ಹೇಳುವಾಗ ನಮ್ಮ ತಲೆ ಅವಳ ತೊಡೆಯ ಮೇಲೇ ಇರುತ್ತಿತ್ತು. ಹೆದರಿಕೆ ರುಚಿಸಬೇಕಾದರೆ ಪಕ್ಕದಲ್ಲಿ ಒಂದು ಮೈ ಬೇಕು ಅನ್ನೋದೇ ನನ್ನ ವಾದ. ಒಬ್ಬನೇ ದೆವ್ವದ ಮನೆಗೆ ಹೋಗಿ ಖುಷಿಯಾಗಿ ಬಂದವನನ್ನು ನಾನಂತೂ ನೋಡಿಲ್ಲ.

ಎಲ್ಲ ದೆವ್ವದ ಮನೆಗಳನ್ನೂ ನಾನು ಹೊಗಳುತ್ತಿಲ್ಲ. ಅದರ ಹಿಂದಿನ ವರ್ಷ ಹೋಗಿದ್ದ ಒಂದು ಕಡೆ ಮಾನಸಿಕ ರೋಗಿಗಳ ಬಟ್ಟೆ ಹಾಕಿದವರನ್ನು ಓಡಿಸಿ ನಮ್ಮನ್ನು ಹೆದರಿಸಿದರು. ಕಾಯಿಲೆಯವರನ್ನು ತೋರಿಸಿ ಹೆದರಿಸುವುದು ಸೋಮಾರಿತನ, ಅಷ್ಟೇ. ಮತ್ತೆ, ಕತ್ತಲಲ್ಲಿ ಹೊಳೆಯುವ ಎಕ್ಸಿಟ್ ಬೋರ್ಡಿನಿಂದ ಭ್ರಮೆ ಕೆಡುತ್ತದೆ ಅಂತ ಗೊಣಗುವವರಿಗೆ ಒಂದು ಮಾತು. 1984ರ ಮೇ ತಿಂಗಳಲ್ಲಿ ನಮ್ಮ ನ್ಯೂಜೆರ್ಸಿಯ ಜಾಕ್ಸನ್‌ನಲ್ಲಿ, ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನ ಹಾಂಟೆಡ್ ಕ್ಯಾಸಲ್ ಅನ್ನುವ ದೆವ್ವದ ಮನೆಗೆ ಬೆಂಕಿ ಬಿದ್ದು ಹದಿಹರೆಯದ 8 ಮಕ್ಕಳು ಸತ್ತರು. ಬೆಂಕಿ ಆರಿಸುವ ನೀರಿನ ಸಿಂಚಕಗಳೇ ಅಲ್ಲಿರಲಿಲ್ಲ. ಭ್ರಮೆ ಕೆಡಲಿ ಬಿಡಿ.

ಅಸಲಿಗೆ ನಾನು ಬರೆಯೋಕೆ ಕೂತಿದ್ದು ಎರಡನೇ ಭೇಟಿಯ ಬಗ್ಗೆ. ಮೂರು ವಾರ ಬಿಟ್ಟು ಹಗಲಲ್ಲಿ ಅದೇ ಜೈಲಿಗೆ ಹೋದೆವು. ಈ ಸಲ ಹಟ ನನ್ನದು.

1829ರಲ್ಲಿ ಇದು ಶುರುವಾದಾಗ ಉದ್ದೇಶ ಒಳ್ಳೆಯದೇ ಇತ್ತು ಅನ್ನುವುದೇ ಕಸಿವಿಸಿ ಮಾಡುವ ಸಂಗತಿ. ಹೊಡೆಯಬಾರದು, ಬಡಿಯಬಾರದು, ಕೈದಿಯನ್ನು ಒಂಟಿಯಾಗಿ ಮೌನದಲ್ಲಿ ಇಟ್ಟರೆ ತಾನೇ ಪಶ್ಚಾತ್ತಾಪ ಪಡುತ್ತಾನೆ ಅಂತ ನಂಬಿದ್ದರು. ಪೆನಿಟೆನ್ಷರಿ ಅನ್ನುವ ಹೆಸರೇ ಪಶ್ಚಾತ್ತಾಪದಿಂದ ಬಂದದ್ದು. ಬಂಡಿಚಕ್ರದ ಕಡ್ಡಿಗಳಂತೆ ಚಾಚಿದ ಸಾಲುಗಳು, ಒಬ್ಬೊಬ್ಬನಿಗೆ ಒಂದೊಂದು ಕೋಣೆ, ಚಾವಣಿಯಲ್ಲೊಂದು ಬೆಳಕಿಂಡಿ. ಕೋಣೆಯಿಂದ ಹೊರಗೆ ಕರೆದೊಯ್ಯುವಾಗ ತಲೆಗೆ ಮುಸುಕು. ಪಕ್ಕದ ಕೋಣೆಯವನ ಮುಖವೂ ಕಾಣಬಾರದು, ಹೆಸರೂ ಗೊತ್ತಾಗಬಾರದು. 1842ರಲ್ಲಿ ಇಲ್ಲಿಗೆ ಬಂದಿದ್ದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಮೈಗೆ ಕೊಡುವ ಯಾವ ಹಿಂಸೆಗಿಂತಲೂ ಇದು ಕೆಟ್ಟದ್ದು ಅನ್ನುವ ಅರ್ಥದಲ್ಲಿ ಬರೆದ. ಆ ಪದ್ಧತಿಯನ್ನು ಅಧಿಕೃತವಾಗಿ ಕೈಬಿಡೋಕೆ 1913ರವರೆಗೆ ಬೇಕಾಯಿತು.

1971ರಲ್ಲಿ ಜೈಲು ಮುಚ್ಚಿತು, ಒಳಗೆ ಮರ ಬೆಳೆಯಿತು. ಈ ಪಾಳು ಕಟ್ಟಡವನ್ನು ಉಳಿಸೋಕೆ ದುಡ್ಡು ಬೇಕಾಗಿ 1991ರ ಹ್ಯಾಲೋವೀನ್‌ಗೆ ಸಣ್ಣದಾಗಿ ಶುರುಮಾಡಿದ್ದೇ ಇವತ್ತಿನ ಈ ರಾತ್ರಿ ಜಾತ್ರೆ. ಪಿಸುಮಾತಿಗೂ ಶಿಕ್ಷೆ ಇದ್ದ ಜಾಗ, ನಮ್ಮಂಥವರು ಕಿರುಚಿದ ದುಡ್ಡಿನಲ್ಲಿ ನಿಂತಿದೆ. ಇದು ಸರಿಯೋ ತಪ್ಪೋ ಅಂತ ನಮ್ಮ ಕಾರಿನಲ್ಲಿ ದೊಡ್ಡ ಜಗಳವೇ ಆಯಿತು. ಕಷ್ಟಪಟ್ಟವರ ಜಾಗದಲ್ಲಿ ತಮಾಷೆ ಯಾಕೆ ಅಂತ ಮಗಳು. ಟಿಕೆಟ್ ತೆಗೆಸಿದವಳೇ ಅವಳು! ಕಿರುಚಿ ಹೋದ ನೂರು ಜನರಲ್ಲಿ ಹತ್ತು ಜನ ಹಗಲಲ್ಲಿ ವಾಪಸ್ ಬಂದರೂ ಲಾಭವೇ ಅಂತ ನಾನು. ಈಗಲೂ ಹಾಗೇ ಅನಿಸುತ್ತದೆ, ಬೇರೆಯವರು ಬೈಯಬಹುದು.

ಹಗಲಲ್ಲಿ ಆಡಿಯೋ ಗೈಡ್ ಕೊಡುತ್ತಾರೆ, ನಟ ಸ್ಟೀವ್ ಬುಸೆಮಿಯ ದನಿ. ಜನವೆಲ್ಲ ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಇದ್ದ ಕೋಣೆಯ ಮುಂದೆ ಫೋಟೋ ತೆಗೆಯುತ್ತಿದ್ದರು. ನಾನು ಇನ್ನೊಂದು ಸಾಲಿಗೆ ಹೋಗಿ, ಸುಣ್ಣ ಉದುರಿದ ಒಂದು ಖಾಲಿ ಕೋಣೆಯ ಬಾಗಿಲಲ್ಲಿ ನಿಂತು ಹೆಡ್‌ಫೋನ್ ತೆಗೆದೆ.

ಏನೂ ಇಲ್ಲ. ಮೇಲಿಂದ ಒಂದು ಪಟ್ಟಿ ಬೆಳಕು, ಅದರಲ್ಲಿ ಧೂಳು. ಹೊಗೆಯಲ್ಲೂ ಮಿಣುಕು ದೀಪದಲ್ಲೂ ಹುಟ್ಟದ ಚಳಿ ಬೆನ್ನಹುರಿಯಲ್ಲಿ ಹತ್ತಿತು. ಎಷ್ಟು ಹೊತ್ತು ನಿಂತಿದ್ದೆನೋ.

"ಅಪ್ಪಾ" ಅಂತ ಕೇಳಿಸಿತು, ಓಣಿಯ ಆ ತುದಿಯಿಂದ. ಅಜ್ಜಿಯ ಕಾನೂನು ನೆನಪಾಗಿ ಸುಮ್ಮನಿದ್ದೆ.

"ಅಪ್ಪಾ, ಎಲ್ಲಿದ್ದೀಯಾ?"

ಮೂರನೆಯದಕ್ಕೆ ಕಾಯಲಿಲ್ಲ. ಓಗೊಟ್ಟೆ.