ಶೇ ಕೈಗೆ ಚಾಕು ಕೊಟ್ಟಾವ್ರು ಯಾರು

ಕೆಟ್ಟ ಕೆಲಸ ಮಾಡಿದಾಂವನ್ನ ತೊಳದು, ಒಣಗಿಸಿ, ಇಸ್ತ್ರಿ ಹೊಡದು ನಮ್ಮ ಕೈಯಾಗ ಕೊಡೂದ್ರಾಗ ಟಿವಿ ಮಂದಿ ಭಾಳ ಶಾಣ್ಯಾರು ನೋಡ್ರಿ.

ಗೇಮ್ ಆಫ್ ಥ್ರೋನ್ಸ್ ಅನ್ನೂ ಇಂಗ್ಲೀಷ್ ಧಾರಾವಾಹಿ ತಗೋರಿ. ಹುಬ್ಬಳ್ಳ್ಯಾಗಿರೋ ನಮ್ಮ ಕಾಕಾನ ಮಗಗ ಅದರಾಗಿನ ಟಿರಿಯನ್ ಅಂದ್ರ ಪ್ರಾಣ, ಮೊಬೈಲ್ ವಾಲ್‌ಪೇಪರೂ ಅವನದ. ಗಿಡ್ಡ ಮನಷ್ಯಾ, ಓದಿದಾಂವ, ಬಾಯಿ ಜೋರು, ಅಪ್ಪನ ಕಡಿಂದ ಛೀ ಥೂ ಅನಿಸಿಕೊಂಡು ಬೆಳದಾಂವ, ಯಾರಿಗೆ ಪಾಪ ಅನಸೂದಿಲ್ಲ ಹೇಳ್ರಿ. ಈ ಧಾರಾವಾಹಿಗೆ ಮೂಲ ಆದ ಜಾರ್ಜ್ ಆರ್. ಆರ್. ಮಾರ್ಟಿನ್ ಪುಸ್ತಕದಾಗೂ ಇಷ್ಟೂ ಅದಾನ, ಆದ್ರ ಇನ್ನೂ ಒಂದಿಷ್ಟ ಅದಾನ. 2000ದಾಗ ಬಂದ ಮೂರನೇ ಪುಸ್ತಕದಾಗ ಶೇ ಅನ್ನಾಕಿ, ಇವನ ಜೋಡಿ ಇದ್ದಾಕಿನ, ಇವನ ಮ್ಯಾಲ ಸಾಕ್ಷಿ ಹೇಳಿ, ಆಮ್ಯಾಲ ಇವನ ಅಪ್ಪನ ಹಾಸಗ್ಯಾಗ ಸಿಗತಾಳ, ಇಂವಾ ಬಂಗಾರದ ಸರದಿಂದ ಆಕಿ ಕುತಗಿ ಬಿಗಿತಾನ. ಆಕಿ ಕೈಯಾಗ ಏನೂ ಇರಂಗಿಲ್ಲ, ಹೆದರಿ ಬೇಡಿಕೊಳ್ಳಾಕ ಹತ್ತಿರತಾಳ. 2014ರ ನಾಕನೇ ಸೀಸನ್ನಿನ ಕಡೀ ಎಪಿಸೋಡ್‌ನ್ಯಾಗ ಏನಾತು? ಮೊದಲ ಆಕಿನ ಚಾಕುಕ್ಕ ಕೈ ಹಾಕತಾಳ. ಆತಲ್ಲ, ಕೊಲಿ ಹೋಗಿ ಜೀವಾ ಉಳಿಸ್ಕೊಂಡಂಗಾತು, ಮ್ಯಾಲ ಒಂದು "ಸಾರಿ" ಬ್ಯಾರೆ.

ಇನ್ನ ಸೈಮನ್ ಅನ್ನೂ ಹಾಡಗಾರನ ಕಥಿ ಅಂತೂ ಟಿವಿಗೆ ಬರಲೇ ಇಲ್ಲ. ಶೇ ವಿಷಯ ಇಟಗೊಂಡು ಬ್ಲ್ಯಾಕ್‌ಮೇಲ್ ಮಾಡಾಕ ಬಂದಿದ್ದ, ಟಿರಿಯನ್ ತನ್ನ ಆಳಿಗೆ ಹೇಳಿ ಅವನ್ನ ಮುಗಿಸಿದಾ, ಹೆಣ ಊರಿನ ಬಡವರ ಓಣಿ ಖಾನಾವಳಿ ಗಡಗಿಗೆ ಹೋತು. (ನಮ್ಮ ಧಾರವಾಡದ ಖಾನಾವಳ್ಯಾವ್ರು ಮನಸಿಗೆ ಹಚ್ಚಿಕೋಬ್ಯಾಡ್ರಿ.) ಇದನ್ನ ಓದೂಮುಂದ ನಾವು ಅವನ ತಲಿಯೊಳಗ ಕುಂತಿರ್ತೀವಿ, ಅವನ ಜೋಕಿಗೆ ನಕ್ಕೋತ, ಅದಕ್ಕ ಆಮ್ಯಾಲ ಹೊಟ್ಟ್ಯಾಗ ಒಂಥರಾ ಆಗತೈತಿ, ಅಯ್ಯ ಇಂಥಾವನ ಕಡೆ ನಿಂತಿದ್ನಲ್ಲೋ ಅಂತ. ಆ ಒಂಥರಾ ಆಗೂದನ್ನ ಟಿವ್ಯಾವ್ರು ಕಿತ್ತಹಾಕ್ಯಾರ.

ಕಾರಣ ಇಲ್ಲ ಅಂತಲ್ಲ. ಪುಸ್ತಕದಾಗ ಮುಖ ಇರಂಗಿಲ್ಲ, ಟಿವ್ಯಾಗ ಟಿರಿಯನ್ ಪಾತ್ರ ಮಾಡಿದ ಪೀಟರ್ ಡಿಂಕ್ಲೇಜ್ ಮುಖ ಐತಿ, ಆ ಪಾತ್ರಕ್ಕ ನಾಕು ಎಮ್ಮಿ ಪ್ರಶಸ್ತಿ ಹೊಡದಾಂವ, ಮಂದಿ ಅವನ ಸಲುವಾಗೇ ನೋಡಾಕ ಹತ್ತಿದ ಮ್ಯಾಲ ಅವನ ಕೈಗೆ ರಕ್ತ ಹಚ್ಚಾಕ ಯಾರಿಗೆ ಧೈರ್ಯ ಬರತೈತಿ. ತಲಿಯೊಳಗಿನ ಮಾತನ್ನ ಕ್ಯಾಮೆರಾದಾಗ ಹಿಡಿಯೂದೂ ಕಷ್ಟ ಖರೇ. ಕಥ್ಯಾಗ ಬರೂ ಬ್ಲ್ಯಾಕ್‌ವಾಟರ್ ಯುದ್ಧದಾಗ ಪುಸ್ತಕದ ಟಿರಿಯನ್‌ನ ಅರ್ಧಕ್ಕಿಂತ ಜಾಸ್ತಿ ಮೂಗ ಹೋಗತೈತಿ, ಟಿವ್ಯಾಗ ಬರೇ ಒಂದು ಗಾಯದ ಗುರ್ತು. ಅದನ್ನ ಬಿಡ್ರಿ, ದಿನಾ ಮೂಗ ಅಳಸಕೋತ ಕುಂತ್ರ ಶೂಟಿಂಗ್ ಆಗೂದ್ಹೆಂಗ. ಆದ್ರ 2011ರ ಐದನೇ ಪುಸ್ತಕದಾಗ ಕುಡದು, ಸೇಡಿನಾಗ ಬೆಂದು, ನೋಡಾಕ ಹೇಸಿಗಿ ಆಗೂ ಮನಷ್ಯಾ, 2019ರ ಕಡೀ ಸೀಸನ್‌ನ್ಯಾಗ ರಾಜಾ ಯಾರಾಗಬೇಕು ಅಂತ ದೊಡ್ಡಮಂದಿಗೆಲ್ಲಾ ಬುದ್ಧಿ ಹೇಳೂ ಹಿರ್‍ಯಾ ಆಗಿ ನಿಂತಾನ, ಇದಕ್ಕ ಏನಂತೀರಿ.

"ಅಣ್ಣಾ, ನೋಡೂ ಮಂದಿಗೆ ಅದೆಲ್ಲಾ ಹಿಡಸೂದಿಲ್ಲ" ಅಂತಾನ ಕಾಕಾನ ಮಗ. ನಾ ಒಪ್ಪೂದಿಲ್ಲ. ನಮ್ಮ ಕಡೆ ಹಳ್ಯಾಗ ಸಂಗ್ಯಾ ಬಾಳ್ಯಾ ಅನ್ನೂ ಸಣ್ಣಾಟ, ಅಂದ್ರ ಜನಪದ ನಾಟಕ, ಹಚ್ಚಿದ್ರ ಮಂದಿ ಬೆಳತನಕ ಕುಂದರತಾರ. ಸಂಗ್ಯಾ ಅಂದ್ರ ಇನ್ನೊಬ್ಬನ ಹೇಣ್ತಿ ಗಂಗೀ ಮ್ಯಾಲ ಕಣ್ಣ ಹಾಕಿದಾಂವ, ಅದನ್ನ ಯಾರೂ ಮುಚ್ಚಿಡೂದಿಲ್ಲ, ಗಂಗೀ ಕೈಗೆ ಚಾಕೂ ಕೊಡೂದಿಲ್ಲ. ನಮ್ಮ ಅತ್ತಿ ಸಂಗ್ಯಾಗೂ ಬೈತಾಳ, ಗಂಗಿಗೂ ಬೈತಾಳ, ಅವನ ಕೊಲಿ ಆಗೂಮುಂದ ಸೆರಗಿನಾಗ ಕಣ್ಣೂ ಒರಸ್ಕೋತಾಳ, ಮರದಿನ ಬಾವಿಕಟ್ಟಿ ಮ್ಯಾಲ ಓಣಿ ಹೆಂಗಸರ ಜೋಡಿ ತಪ್ಪ ಯಾರದು ಅಂತ ಜಗಳಕ್ಕ ನಿಂತಿರತಾಳ.